ನಿಮಗಿದು ಗೊತ್ತೇ? ಪುಟ್ಟ ಹೊಟ್ಟೆ, ಗಟ್ಟಿ ತುತ್ತು

● ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 240 ಮಿಲಿಲೀಟರ್. ಮೈತೂಕದ ಪ್ರತಿ ಕಿಲೋಗೆ 30 ಗ್ರಾಂ ಆಹಾರ ಅನ್ನುವುದು ಪೌಷ್ಟಿಕತಜ್ಞರ ಲೆಕ್ಕ. ಅಂದರೆ ಒಂದು ಲೋಟ. ಆ ಒಂದು ಲೋಟದೊಳಗೆ ಏನು ತುಂಬುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

● 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಇನ್ನೂ ಸುಮಾರು 200 ಕಿಲೋಕ್ಯಾಲರಿ ಬೇಕು. 9ರಿಂದ 11 ತಿಂಗಳಲ್ಲಿ ಅದು 300. ವರ್ಷ ತುಂಬಿದ ಮೇಲೆ ಒಮ್ಮೆಗೇ 550. ಆ ಹೊತ್ತಿಗೆ ಮಗು ಗೋಡೆ ಹಿಡಿದು ನಡೆಯುತ್ತದೆ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸುತ್ತದೆ. ಖರ್ಚು ಏರದೆ ಇರುತ್ತದೆಯೇ?

● ಈಗ ಸಣ್ಣದೊಂದು ಗಣಿತ. 100 ಮಿ.ಲೀ. ನೀರಿಗೆ 5 ಗ್ರಾಂ ಅಕ್ಕಿಹಿಟ್ಟು ಹಾಕಿ ಕುದಿಸಿದ ತೆಳು ಗಂಜಿಯಲ್ಲಿರುವುದು 18 ಕಿಲೋಕ್ಯಾಲರಿ, ಅಷ್ಟೇ. ದಿನಕ್ಕೆ 200 ಸೇರಬೇಕಾದರೆ ಆ ಮಗು ಒಂದು ಲೀಟರಿಗೂ ಹೆಚ್ಚು ಗಂಜಿ ಕುಡಿಯಬೇಕು. ಬೇಳೆಕಟ್ಟಿನ ಕತೆಯೂ ಇದೇ. ಬೇಳೆ ಪಾತ್ರೆಯ ತಳದಲ್ಲಿ ದೊಡ್ಡವರ ಸಾರಿಗೆ ಉಳಿಯುತ್ತದೆ, ಮಗುವಿನ ಪಾಲಿಗೆ ಬರುವುದು ಹಳದಿ ನೀರು. ಮಟನ್ ಸೂಪೂ ಅಷ್ಟೇ: ಘಮ ಸೂಪಿಗೆ, ಪ್ರೋಟೀನು ಮತ್ತು ಕಬ್ಬಿಣ ತುಂಡಿಗೆ. ಸೂಪು ಮಗುವಿಗೆ, ತುಂಡು ಅಪ್ಪನಿಗೆ ಅನ್ನುವ ಹಂಚಿಕೆ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆದಿದೆ.

● ಗಂಜಿ ಹದವಾಗಿದೆಯೇ ಎಂದು ನೋಡಲು ತಕ್ಕಡಿ ಬೇಡ, ಒಂದು ಚಮಚ ಸಾಕು. ತುಂಬಿಕೊಂಡು ಓರೆ ಮಾಡಿ. ಸೊರ್ರನೆ ಸುರಿದುಹೋದರೆ ತೆಳುವಾಯಿತು. ಚಮಚಕ್ಕೆ ಅಂಟಿ ಮೆಲ್ಲಗೆ ಜಾರಿದರೆ ಸರಿಯಾಯಿತು. ‘ಗಟ್ಟಿ ಕೊಟ್ಟರೆ ಮಗುವಿಗೆ ಜೀರ್ಣವಾಗಲ್ಲ’ ಅನ್ನುವುದು ನಮ್ಮ ಕಡೆಯ ಬಹು ಹಳೆಯ ಭಯ. ಆರು ತಿಂಗಳು ತುಂಬಿದ ಆರೋಗ್ಯವಂತ ಮಗುವಿನ ಕರುಳಿಗೆ ಮೆತ್ತಗೆ ಮಸೆದ ಗಟ್ಟಿ ಅನ್ನ ದೊಡ್ಡ ಸಂಗತಿಯೇ ಅಲ್ಲ.

● ಒಂದು ಟೀ ಚಮಚ ತುಪ್ಪ ಸುಮಾರು 45 ಕಿಲೋಕ್ಯಾಲರಿ ಕೊಡುತ್ತದೆ, ಜಾಗವನ್ನೇ ಆಕ್ರಮಿಸುವುದಿಲ್ಲ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಕೊಬ್ಬಿನಿಂದಲೇ. ಎರಡು ವರ್ಷದೊಳಗೆ ಮಿದುಳು ದೊಡ್ಡವರ ಮಿದುಳಿನ ಸುಮಾರು ಶೇ 80ರಷ್ಟು ಗಾತ್ರಕ್ಕೆ ಬೆಳೆದುಬಿಡುತ್ತದೆ. ಎಣ್ಣೆ-ತುಪ್ಪ ಬೇಡವೆನ್ನುವ ಡಯಟ್ ಮಂತ್ರ ಅಪ್ಪ-ಅಮ್ಮನ ಸೊಂಟಕ್ಕೆ ಇರಲಿ. ತುಪ್ಪ ತರಲು ಆಗದ ಮನೆಯಲ್ಲಿ ಅಡುಗೆಯ ಎಣ್ಣೆಯೇ ಆಗುತ್ತದೆ.

● ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಇದು ಎಲ್ಲರೂ ಹೇಳುವ ಮಾತು. ರಾಗಿಯ ದೊಡ್ಡ ಗುಟ್ಟು ಇರುವುದು ಮೊಳಕೆಯಲ್ಲಿ.

ರಾಗಿ ಸರಿ ಮಾಡುವುದನ್ನು ನೋಡಿದ್ದೀರಾ? ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ತೂಗುಹಾಕುತ್ತಾರೆ. ಒಂದೆರಡು ದಿನದಲ್ಲಿ ಬಟ್ಟೆಯ ಎಳೆಗಳ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತದೆ. ಬಿಚ್ಚಿ, ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಒಣಗಿದ ಮೊಳಕೆ ಉದುರಿಸಿ, ಹಗುರಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸುತ್ತಾರೆ. ಕರಾವಳಿಯವರು ನೆನೆದ ರಾಗಿಯನ್ನು ಅರೆದು, ಹಾಲು ಹಿಂಡಿ ತೆಗೆದು ಮಣ್ಣಿ ಕಾಯಿಸುತ್ತಾರೆ. ಅದರ ದಾರಿ ಬೇರೆ.

ಮೊಳೆಯುವ ಕಾಳು ತನ್ನ ಪಿಷ್ಟವನ್ನು ತಾನೇ ಒಡೆದುಕೊಳ್ಳಲು ಅಮೈಲೇಸ್ ಎಂಬ ಕಿಣ್ವ ಹುಟ್ಟಿಸುತ್ತದೆ. ಸಾಮಾನ್ಯ ಹಿಟ್ಟನ್ನು ಎರಡು ಚಮಚಕ್ಕಿಂತ ಹೆಚ್ಚು ಹಾಕಿದರೆ ಗಂಜಿ ಮುದ್ದೆಯಾಗುತ್ತದೆ; ಅದನ್ನು ಸಡಿಲಿಸಲು ನೀರು ಸುರಿಯುತ್ತೇವೆ, ಶಕ್ತಿ ಕರಗಿಹೋಗುತ್ತದೆ. ಮೊಳಕೆ ಹಿಟ್ಟಿನಲ್ಲಿ ಪಿಷ್ಟದ ಉದ್ದ ಸರಪಳಿಗಳು ಕಾಯುತ್ತಿರುವಾಗಲೇ ತುಂಡಾಗುವುದರಿಂದ ಅದೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಆದರೂ ಸರಿ ನಯವಾಗಿ ಇಳಿಯುತ್ತದೆ. ಆದ್ದರಿಂದ ಮೇಲಿನ ಚಮಚದ ಪರೀಕ್ಷೆ ಇದಕ್ಕೆ ಒಪ್ಪುವುದಿಲ್ಲ. ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಮೊಳಕೆಯಿಂದ ಕಡಿಮೆಯಾಗುತ್ತದೆ.

● ಈ ಮೊಳಕೆ ಹಿಟ್ಟು ರಾಗಿ ಗಂಜಿಗೆ ಮಾತ್ರ ಅಲ್ಲ. ಬರೋಡಾದಲ್ಲಿ ಪೌಷ್ಟಿಕತಜ್ಞೆ ತಾರಾ ಗೋಪಾಲದಾಸ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಅದನ್ನು ‘ಅಮೈಲೇಸ್ ಹೆಚ್ಚಿರುವ ಆಹಾರ’ ಎಂದು ಕರೆದು ಅಧ್ಯಯನ ಮಾಡಿದರು. ಬಳಸುವುದು ಹೀಗೆ: ಅಕ್ಕಿ-ಹೆಸರುಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಇಳಿಸಿ. ಕುದಿ ಅಡಗಿ, ಇನ್ನೂ ಬಿಸಿ ಇರುವಾಗ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ. ಸ್ವಲ್ಪ ಹೊತ್ತಿಗೆ ಸೌಟು ಸಲೀಸಾಗಿ ತಿರುಗತೊಡಗುತ್ತದೆ. ಆಮೇಲೆ ಒಂದು ಕುದಿ ಬರಿಸಿ ಆರಿಸಿ ಕೊಡಬೇಕು. ಕುದಿಯುವ ಗಂಜಿಗೇ ನೇರ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ಕಮರುವಷ್ಟು ಹುರಿದರೂ ಅದೇ ಗತಿ.

● ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದೇ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ ಶಿಶು ಆಹಾರ ರೂಪಿಸಿದರು. ಜೋಡಿ ಸುಮ್ಮನೆ ಆರಿಸಿದ್ದಲ್ಲ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಸಂಕ್ರಾಂತಿಯ ಹುಗ್ಗಿಯಲ್ಲಿ ಅಕ್ಕಿಗೆ ಹೆಸರುಬೇಳೆ ಸೇರಿಸುವವರು ಇದನ್ನು ಅಮೈನೋ ಆಮ್ಲ ಓದಿ ಕಲಿತದ್ದೇನಲ್ಲ.

● ಮೊಳಕೆಯ ಈ ಉಪಾಯ ಯುರೋಪಿಗೂ ಗೊತ್ತಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಪ್ರಕಟಿಸಿದ ಶಿಶು ‘ಸೂಪ್’ನಲ್ಲಿ ಇದ್ದದ್ದು ಗೋಧಿಹಿಟ್ಟು, ಹಸುವಿನ ಹಾಲು, ಮೊಳಕೆ ಧಾನ್ಯದ ಹಿಟ್ಟು, ಒಂದಿಷ್ಟು ಪೊಟ್ಯಾಸಿಯಂ ಬೈಕಾರ್ಬನೇಟ್. ಡಬ್ಬಿಯ ಶಿಶು ಆಹಾರದ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ.

● ಮಲೆನಾಡಿನ ಕೂವೆ ಗಂಜಿ? ಹೊಟ್ಟೆಗೆ ತಂಪು, ಒಪ್ಪಿದೆ. ಆದರೆ ಅದು ಹೆಚ್ಚುಕಡಿಮೆ ಶುದ್ಧ ಪಿಷ್ಟ. ಪ್ರೋಟೀನು ಇಲ್ಲವೇ ಇಲ್ಲ ಅನ್ನಬಹುದು. ಅದೊಂದನ್ನೇ ನೆಚ್ಚಿಕೊಂಡರೆ ಮಗು ದುಂಡಗೆ ಕಂಡೀತು, ಬೆಳೆಯದು.

● ಈಗ ಕಬ್ಬಿಣ. ಎದೆಹಾಲಿನಲ್ಲಿ ಎಲ್ಲವೂ ಇದೆ ಅನ್ನುತ್ತೇವಲ್ಲ, ಕಬ್ಬಿಣ ಮಾತ್ರ ಲೀಟರಿಗೆ ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ. ಪ್ರಕೃತಿ ಮರೆತದ್ದಲ್ಲ. ತಿಂಗಳು ತುಂಬಿ ಹುಟ್ಟಿದ ಮಗು ಹೊಟ್ಟೆಯಲ್ಲಿದ್ದಾಗಲೇ ಅಮ್ಮನಿಂದ ಕಬ್ಬಿಣ ಪಡೆದು ಕೂಡಿಟ್ಟುಕೊಂಡು ಬಂದಿರುತ್ತದೆ. ಆ ಗಂಟು ಕರಗುವುದಕ್ಕೆ ಸುಮಾರು ಆರು ತಿಂಗಳು. ಪೂರಕ ಆಹಾರ ಆ ಹೊತ್ತಿಗೇ ಶುರುವಾಗಬೇಕು ಅನ್ನಲು ದೊಡ್ಡ ಕಾರಣಗಳಲ್ಲಿ ಇದೊಂದು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಕಡಿಮೆ ತೂಕದ ಮಗುವಿನ ಗಂಟು ಇನ್ನೂ ಚಿಕ್ಕದು. ಅಂಥ ಮಕ್ಕಳಿಗೆ ವೈದ್ಯರು ಬಹಳ ಮೊದಲೇ ಕಬ್ಬಿಣದ ಹನಿ ಬರೆದುಕೊಡುತ್ತಾರೆ.

● ಆ ಗಂಟು ಎಷ್ಟು ದೊಡ್ಡದು ಅನ್ನುವುದು ಹೆರಿಗೆ ಕೋಣೆಯ ಒಂದು ನಿಮಿಷದಲ್ಲೂ ಇದೆ. ಮಗು ಹೊರಬಂದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಳ್ಳಿಯಲ್ಲಿ ಇನ್ನೂ ಹರಿಯುತ್ತಿರುವ ರಕ್ತ ಮಗುವಿನದೇ, ಅದರಲ್ಲಿರುವ ಕಬ್ಬಿಣವೂ ಮಗುವಿನದೇ.

● ಅಮೆರಿಕದ ಪೌಷ್ಟಿಕಾಂಶ ಪಟ್ಟಿಯ ಪ್ರಕಾರ 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ ಕಬ್ಬಿಣ ಬೇಕು. ವಯಸ್ಕ ಗಂಡಸಿಗೆ? 8. ಅಪ್ಪನಿಗಿಂತ ಒಂಬತ್ತು ತಿಂಗಳ ಮಗುವಿನ ಊಟದಲ್ಲಿ ಹೆಚ್ಚು ಕಬ್ಬಿಣ ಇರಬೇಕು! ಭಾರತದ ಐಸಿಎಂಆರ್ ಪಟ್ಟಿಯ ಅಂಕಿ ಇಷ್ಟು ದೊಡ್ಡದಲ್ಲ, ಲೆಕ್ಕ ಹಾಕುವ ರೀತಿ ಬೇರೆ. ಯಾವ ಪಟ್ಟಿ ಹಿಡಿದರೂ ಬರೀ ಅಕ್ಕಿ ಗಂಜಿ, ಬಾಳೆಹಣ್ಣು, ಹಾಲಿನಿಂದ ಅದು ತುಂಬುವುದಿಲ್ಲ.

ಏನು ಮಾಡಬೇಕು ಹಾಗಾದರೆ? ಮಾಂಸ, ಮೀನು, ಕುರಿಯ ಲಿವರ್ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ ಆರನೇ ತಿಂಗಳ ನಂತರವೇ ಕೊಡಬಹುದು. ಅದರಲ್ಲಿನ ಕಬ್ಬಿಣವನ್ನು ಮೈ ಬೇಗ ಹೀರುತ್ತದೆ. ಸೊಪ್ಪು, ಬೇಳೆ, ರಾಗಿಯ ಕಬ್ಬಿಣ ಹಾಗಲ್ಲ, ಅದಕ್ಕೆ ಜೊತೆಗಾರ ಬೇಕು. ಬೇಳೆ-ಸೊಪ್ಪಿನ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ವಿಟಮಿನ್ ಸಿ ಆ ಕೆಲಸ ಮಾಡುತ್ತದೆ. ಸೀಬೆ, ನೆಲ್ಲಿ, ಟೊಮೆಟೊ, ಪಪ್ಪಾಯ ಯಾವುದಾದರೂ ಆದೀತು.

● ಟೀ ಇದರ ತದ್ವಿರುದ್ಧ. ಟೀಯ ಟ್ಯಾನಿನ್ ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಟೀಯಲ್ಲಿ ಬಿಸ್ಕತ್ತು ಅದ್ದಿ ಹತ್ತು ತಿಂಗಳ ಕೂಸಿನ ಬಾಯಿಗಿಡುವ ದೃಶ್ಯ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಯಾರಿಗೂ ಅದು ಕಣ್ಣಿಗೇ ಬೀಳುವುದಿಲ್ಲ. ಸಕ್ಕರೆ, ಮೈದಾ, ಟ್ಯಾನಿನ್: ಮೂರೂ ಒಂದೇ ತುತ್ತಿನಲ್ಲಿ.

● 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ದೇಶದಲ್ಲಿ ಶೇ 67.1. ರಾಗಿಯ ನಾಡು ಕರ್ನಾಟಕದಲ್ಲೂ ಶೇ 65ರ ಮೇಲೆಯೇ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ: 6ರಿಂದ 23 ತಿಂಗಳ ಮಕ್ಕಳಲ್ಲಿ ಸಮರ್ಪಕ ಆಹಾರ ಸಿಗುತ್ತಿದ್ದದ್ದು ಶೇ 11.3 ಜನಕ್ಕೆ ಮಾತ್ರ. ಬಡತನ ಒಂದೇ ಕಾರಣ ಎನ್ನಲು ಮನಸ್ಸು ಒಪ್ಪುವುದಿಲ್ಲ. ಉಳ್ಳವರ ಮನೆಯಲ್ಲೂ ಮಗುವಿನ ಬಟ್ಟಲು ತೆಳುವಾಗಿಯೇ ಇರುತ್ತದೆ.

● ಮಗುವಿನ ಬಟ್ಟಲಲ್ಲಿ ಏನೇನು ಇರಬೇಕು? ವಿಶ್ವ ಆರೋಗ್ಯ ಸಂಸ್ಥೆ ಎಂಟು ಗುಂಪು ಮಾಡಿದೆ: ಎದೆಹಾಲು, ಧಾನ್ಯ-ಗೆಡ್ಡೆ, ಬೇಳೆಕಾಳು ಮತ್ತು ಬೀಜ, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ವಿಟಮಿನ್ ಎ ಇರುವ ಹಣ್ಣು-ತರಕಾರಿ, ಉಳಿದ ಹಣ್ಣು-ತರಕಾರಿ. ದಿನಕ್ಕೆ ಕನಿಷ್ಠ ಐದು ಗುಂಪು ಬಾಯಿಗೆ ಬೀಳಬೇಕು. ಸಸ್ಯಾಹಾರಿ ಮನೆಯಲ್ಲೂ ಇದು ಸಾಧ್ಯ: ಎದೆಹಾಲು, ಅನ್ನ, ತೊಗರಿಬೇಳೆ, ಕುಂಬಳಕಾಯಿ, ಒಂದೆರಡು ಚಮಚ ಮೊಸರು. ಮುಗಿಯಿತು, ಐದು.

● ಮೊಸರನ್ನು ಅಲ್ಲಿ ಸುಮ್ಮನೆ ಸೇರಿಸಲಿಲ್ಲ. ವಿಟಮಿನ್ ಬಿ12 ಸೊಪ್ಪು-ಬೇಳೆಯಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ ಮಾತ್ರ. ಅಮ್ಮನಿಗೆ ಬಿ12 ಕೊರತೆ ಇದ್ದರೆ ಎದೆಹಾಲಿನಲ್ಲೂ ಕೊರತೆ. ಅಂಥ ಮಗುವಿಗೆ ವರ್ಷವಾದರೂ ಎದೆಹಾಲು ಒಂದೇ ಆದರೆ ಕೆಲವೊಮ್ಮೆ ಕಾಣಿಸಿಕೊಳ್ಳುವ ಕಾಯಿಲೆಗೆ ಭಾರತದ ವೈದ್ಯರು ಶಿಶು ನಡುಕ ಸಿಂಡ್ರೋಮ್ ಅನ್ನುತ್ತಾರೆ. ಕೂದಲು ಕಂದಾಗಿ ವಿರಳವಾಗುತ್ತದೆ, ಬೆರಳ ಗೆಣ್ಣುಗಳು ಕಪ್ಪಾಗುತ್ತವೆ, ನಗುತ್ತಿದ್ದ ಮಗು ನಗುವುದು ಬಿಡುತ್ತದೆ, ಕೂರುತ್ತಿದ್ದದ್ದು ಕೂರುವುದಿಲ್ಲ, ಆಮೇಲೆ ಕೈಕಾಲು ನಡುಗುತ್ತದೆ. ಮಗು ಮೈಕೈ ತುಂಬಿಕೊಂಡೇ ಇರಬಹುದು, ಅದಕ್ಕೇ ಮನೆಯವರಿಗೆ ಅನುಮಾನ ಬರುವುದಿಲ್ಲ. ಬೇಗ ಪತ್ತೆಯಾದರೆ ಬಿ12 ಕೊಟ್ಟು ಬಹಳಷ್ಟು ಸುಧಾರಿಸಬಹುದು.

● ಆರನೇ ತಿಂಗಳ ಅನ್ನಪ್ರಾಶನ ಆಧುನಿಕ ವೈದ್ಯರ ಮಾತಿಗೆ ಸರಿಯಾಗಿ ಕೂರುತ್ತದೆ. ಸುಶ್ರುತ ಸಂಹಿತೆ ಆರನೇ ತಿಂಗಳಿಗೆ ಹಗುರವಾದ, ಹಿತವಾದ ಅನ್ನ ಅನ್ನುತ್ತದೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಆರಕ್ಕೆ ಹಣ್ಣು, ಹತ್ತಕ್ಕೆ ಅನ್ನ ಅನ್ನುತ್ತದೆ. ಎರಡರಲ್ಲಿ ನನ್ನ ಮತ ಸುಶ್ರುತನಿಗೆ. ನಮ್ಮ ಸಮಸ್ಯೆ ಶಾಸ್ತ್ರದ್ದಲ್ಲ. ಹೊರನಾಡಿನ ದೇವಸ್ಥಾನಕ್ಕೆ ಹೋಗಿ, ಬೆಳ್ಳಿ ಬಟ್ಟಲಲ್ಲಿ ಪಾಯಸ ತಿನ್ನಿಸಿ, ಫೋಟೊ ತೆಗೆಸಿಕೊಂಡು ಬಂದ ಮಾರನೇ ದಿನದಿಂದ ಮತ್ತೆ ಬರೀ ಹಾಲು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 8 ತಿಂಗಳ ಮಕ್ಕಳಲ್ಲಿ ಎದೆಹಾಲಿನೊಂದಿಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ: ಶೇ 45.9.

● ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲು ‘4ರಿಂದ 6 ತಿಂಗಳು’ ಎನ್ನುತ್ತಿತ್ತು. ಆರು ತಿಂಗಳು ಎಂದು ಗಟ್ಟಿಯಾದದ್ದು 2001ರಲ್ಲಿ.

● ಅಮೆರಿಕದ ಮಯಾಮಿಯಲ್ಲಿ ವಾಲ್ಟರ್ ಸ್ಯಾಕೆಟ್ ಎಂಬ ವೈದ್ಯರಿದ್ದರು. 1962ರ ಅವರ ಪುಸ್ತಕದ ಸಲಹೆ ಕೇಳಿ: ಹುಟ್ಟಿದ ಎರಡು-ಮೂರನೇ ದಿನಕ್ಕೆ ಧಾನ್ಯದ ಗಂಜಿ, ಹತ್ತನೇ ದಿನಕ್ಕೆ ತರಕಾರಿ, ಒಂಬತ್ತು ವಾರಕ್ಕೆ ಹಂದಿಮಾಂಸ-ಮೊಟ್ಟೆ, ಆರು ತಿಂಗಳಿಗೆ ಕಪ್ಪು ಕಾಫಿ! ನಮ್ಮ ಅಜ್ಜಿಯರನ್ನು ಮೂಢರೆನ್ನುವ ಮೊದಲು ಇದೂ ನೆನಪಿರಲಿ.

● ಮಗುವೇ ಸಿದ್ಧವಾಗಿದೆ ಎಂದು ಹೇಳುತ್ತದೆ. ಕುತ್ತಿಗೆ ನಿಂತಿದೆ, ಆಸರೆ ಕೊಟ್ಟರೆ ಕೂರುತ್ತದೆ, ನೀವು ತುತ್ತೆತ್ತಿದರೆ ಕಣ್ಣು ತಟ್ಟೆಯಿಂದ ಬಾಯಿಗೆ ಹಿಂಬಾಲಿಸುತ್ತದೆ. ಅದಕ್ಕಿಂತ ಮೊದಲು ಚಮಚ ಇಟ್ಟರೆ ನಾಲಿಗೆ ತಾನಾಗಿ ಹೊರದಬ್ಬುತ್ತದೆ. ಅದು ಹಟವಲ್ಲ, ಹುಟ್ಟಿನಿಂದ ಬಂದ ಪ್ರತಿಕ್ರಿಯೆ. 4ರಿಂದ 6 ತಿಂಗಳ ನಡುವೆ ಮರೆಯಾಗುತ್ತದೆ. ಹಲ್ಲಿಗಾಗಿ ಕಾಯಬೇಕಿಲ್ಲ, ವಸಡು ಸಾಕು.

● ಒಳಲೆ ಈಗಿನವರಿಗೆ ಅಪರೂಪ: ಒಂದು ಬದಿ ಮೂತಿಯಂತೆ ಚೂಪಾಗಿರುವ ಬೆಳ್ಳಿಯ ಇಲ್ಲವೇ ಸ್ಟೀಲಿನ ಪುಟ್ಟ ಬಟ್ಟಲು. ತೀರಾ ಸಣ್ಣ ತೂಕದ ಕೂಸುಗಳಿಗೆ ಹಿಂಡಿ ತೆಗೆದ ಎದೆಹಾಲು ಕುಡಿಸಲು ಆಸ್ಪತ್ರೆಗಳಲ್ಲೂ ಇದೇ ಸಾಧನ ಬಳಸುತ್ತಾರೆ. ಬಾಟಲಿಗಿಂತ ಇದು ಎಷ್ಟೋ ಮೇಲು. ನಿಪ್ಪಲ್ಲಿನ ಸಂದಿಯಲ್ಲಿ ಕೂರುವ ಕೊಳಕು ಇದರಲ್ಲಿ ಕೂರುವುದಿಲ್ಲ, ಬಿಸಿನೀರಲ್ಲಿ ಕುದಿಸಿದರೆ ಚೊಕ್ಕಟ.

ಆದರೆ ಇದೇ ಒಳಲೆಯ ಇನ್ನೊಂದು ಮುಖವೂ ಇದೆ. ಕಾಲು ನೀಡಿ ಕೂತ ಅಜ್ಜಿ, ಎರಡು ಕಾಲುಗಳ ನಡುವೆ ಮಲಗಿದ ಮಗು, ಒಂದು ಕೈಯಲ್ಲಿ ಕೆನ್ನೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಗಂಟಲಿಗೇ ಸರಿ ಹುಯ್ಯುವುದು. ಮಗು ಅಳಲು ಬಾಯಿ ತೆರೆದಾಗಲೇ ಮುಂದಿನ ಒಳಲೆ. ಗೊಳಕ್ ಗೊಳಕ್ ಎಂದು ಇಳಿಯುತ್ತದೆ, ಬಟ್ಟಲು ಖಾಲಿ, ಅಜ್ಜಿಗೆ ಸಮಾಧಾನ. ಅಳುತ್ತಿರುವಾಗ ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಇಳಿಯದಿದ್ದರೂ ಸಾಕು-ಬೇಕು ಹೇಳುವ ಹಕ್ಕು ಮಗುವಿನಿಂದ ಹೋಯಿತು. ಇಂದು ಒಳಲೆಯ ಜಾಗಕ್ಕೆ ಮೊಬೈಲ್ ಬಂದಿದೆ. ಕಾರ್ಟೂನ್ ನೋಡುತ್ತ ಬಾಯಿ ತೆರೆಯುವ ಮಗುವಿಗೂ ತಾನು ತಿಂದದ್ದು ಗೊತ್ತಿರುವುದಿಲ್ಲ.

● ಎಲ್ಲವನ್ನೂ ಮಿಕ್ಸಿಗೆ ಹಾಕುವ ಅಮ್ಮಂದಿರಿಗೆ: ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ಒಂಬತ್ತು ತಿಂಗಳ ನಂತರವಷ್ಟೇ ತರಿತರಿ ಆಹಾರ ಕಂಡ ಮಕ್ಕಳು ಏಳು ವರ್ಷದಲ್ಲೂ ಊಟಕ್ಕೆ ಹೆಚ್ಚು ತಕರಾರು ಮಾಡುತ್ತಿದ್ದರು, ಹಣ್ಣು-ತರಕಾರಿ ಕಡಿಮೆ ತಿನ್ನುತ್ತಿದ್ದರು. ಎಂಟನೇ ತಿಂಗಳ ಹೊತ್ತಿಗೆ ಮಿಕ್ಸಿ ಬಿಟ್ಟು ಕೈಬೆರಳಿಗೆ ಬನ್ನಿ. ಅನ್ನವನ್ನು ಬೆರಳಲ್ಲೇ ಕಿವುಚುವ ನಮ್ಮ ಪದ್ಧತಿಯಲ್ಲಿ ತರಿ ತಾನಾಗಿ ಉಳಿಯುತ್ತದೆ.

● ಬಾಣಂತಿಗೆ ಬೆಳ್ಳುಳ್ಳಿ ತಿನ್ನಿಸುತ್ತೇವೆ. 1991ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಷಾಂಪ್ ಪರೀಕ್ಷಿಸಿದಾಗ, ಅಮ್ಮ ಬೆಳ್ಳುಳ್ಳಿ ತಿಂದ ಸುಮಾರು ಎರಡು ಗಂಟೆಗೆ ಎದೆಹಾಲಿನಲ್ಲಿ ಅದರ ವಾಸನೆ ಏರಿತ್ತು. ಮಕ್ಕಳು ಮುಖ ತಿರುಗಿಸಲಿಲ್ಲ. ಇನ್ನೂ ಹೆಚ್ಚು ಹೊತ್ತು ಎದೆಗಂಟಿಕೊಂಡಿದ್ದವು! ಮುಂದೆ 2001ರ ಕ್ಯಾರೆಟ್ ರಸದ ಪ್ರಯೋಗದಲ್ಲೂ ಅಮ್ಮ ಕುಡಿದದ್ದರ ರುಚಿ ಮಗುವಿಗೆ ಪರಿಚಿತವೇ ಆಗಿತ್ತು.

● ಹೊಸ ರುಚಿಯನ್ನು ಮಗು ಒಪ್ಪಲು ಎಂಟು-ಹತ್ತು ಸಲ ಬೇಕಾಗಬಹುದು. ಮೂರನೇ ಸಲಕ್ಕೇ ‘ನಮ್ಮ ಪುಟ್ಟನಿಗೆ ಸೊಪ್ಪು ಸೇರಲ್ಲ’ ಎಂದು ತೀರ್ಪು ಕೊಡಬೇಡಿ. ಹಾಗಲಕಾಯಿಗೆ ಮುಖ ಕಿವುಚುವುದೂ ಸಹಜ. ಸಿಹಿಯ ಒಲವು, ಕಹಿಯ ಅಸಹ್ಯ ಹುಟ್ಟಿನಿಂದಲೇ ಬಂದದ್ದು.

● ವರ್ಷ ತುಂಬುವವರೆಗೆ ಉಪ್ಪು ಬೇಡ, ಎರಡು ವರ್ಷದವರೆಗೆ ಸಕ್ಕರೆ ಬೇಡ. ‘ಬೆಲ್ಲ ಆಗಬಹುದಲ್ಲ, ಕಬ್ಬಿಣ ಇದೆಯಲ್ಲ?’ ಮಗುವಿಗೆ ಹಾಕುವ ಚಮಚದಲ್ಲಿ ಸಿಗುವ ಕಬ್ಬಿಣ ಅತ್ಯಲ್ಪ. ಸಿಗುವುದು ಸಿಹಿಯ ಚಟ. ಹಣ್ಣಿನ ರಸವೂ ವರ್ಷದೊಳಗೆ ಬೇಡ, ಹಣ್ಣನ್ನೇ ಮಸೆದು ಕೊಡಿ.

● ಜೇನು ಅಮೃತ ಇರಬಹುದು, ವರ್ಷದೊಳಗಿನ ಮಗುವಿಗಲ್ಲ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ದೊಡ್ಡವರ ಕರುಳಲ್ಲಿ ಅವು ಮೊಳೆಯುವುದಿಲ್ಲ. ಕೂಸಿನ ಕರುಳಲ್ಲಿ ಮೊಳೆತು ವಿಷ ಕಾರುತ್ತವೆ. ಮಲಬದ್ಧತೆ, ಸಣ್ಣ ಅಳು, ಜೋತುಬೀಳುವ ಕುತ್ತಿಗೆ ಲಕ್ಷಣಗಳು. ಈ ಕಾಯಿಲೆಯನ್ನು ಗುರುತಿಸಿದ್ದೇ 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ಕಾಯಿಸಿದರೆ ಆ ಬೀಜಕಣ ಸಾಯುವುದಿಲ್ಲ. ಬಜೆ ತೇಯ್ದು ಜೇನಲ್ಲಿ ನೆಕ್ಕಿಸುವ ಮನೆಗಳು ಇದನ್ನು ಓದಲಿ.

● ಹಸುವಿನ ಹಾಲು ಮಗುವಿನ ಮುಖ್ಯ ಆಹಾರವಾಗುವುದು ವರ್ಷದ ನಂತರ. ಅದರಲ್ಲಿ ಕಬ್ಬಿಣ ಕಡಿಮೆ, ಜೊತೆಗೆ ಇತರ ಆಹಾರದ ಕಬ್ಬಿಣ ಹೀರುವುದಕ್ಕೂ ಅಡ್ಡಿ. ಕೆಲವು ಮಕ್ಕಳಿಗೆ ಕಣ್ಣಿಗೆ ಕಾಣದಷ್ಟು ರಕ್ತ ಕರುಳಿನಲ್ಲಿ ಒಸರುತ್ತದೆ. ಗಂಜಿಗೆ ಬೆರೆಸಿದ ಹಾಲು, ಅನ್ನಕ್ಕೆ ಕಲಸಿದ ಮೊಸರಿಗೆ ಈ ಭಯ ಬೇಕಿಲ್ಲ.

● ಕಡಲೆಕಾಯಿ ಅಲರ್ಜಿಗೆ ಹೆದರಿ ತಡವಾಗಿ ಕೊಡಿ ಅನ್ನುತ್ತಿದ್ದರು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಮಕ್ಕಳ ಮೇಲಿನ ಅಧ್ಯಯನ ಪ್ರಕಟಿಸಿತು. ಮೊದಲ ವರ್ಷದಿಂದಲೇ ತಿಂದವರ ಗುಂಪಿನಲ್ಲಿ ಐದು ವರ್ಷದ ಹೊತ್ತಿಗೆ ಅಲರ್ಜಿ ಬಂದದ್ದು ಶೇ 3.2, ದೂರವಿಟ್ಟವರಲ್ಲಿ ಶೇ 17.2. ಮಗುವಿಗೆ ಜೋರು ಎಕ್ಸಿಮಾ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಕೊಡುವುದು ಅರೆದು ಸಡಿಲಿಸಿದ ಶೇಂಗಾ. ಇಡೀ ಬೀಜವನ್ನು ಐದು ವರ್ಷದವರೆಗೆ ಮುಟ್ಟಿಸಬೇಡಿ, ಉಸಿರ್ನಾಳಕ್ಕೆ ಸಿಕ್ಕೀತು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

● ವಿದೇಶದ ಕನ್ನಡಿಗರು ಸೂಟ್‌ಕೇಸಿನಲ್ಲಿ ರಾಗಿ ಸರಿ ಹಿಟ್ಟು ಹೊತ್ತೊಯ್ಯುವುದಕ್ಕೆ ಇನ್ನೊಂದು ಸಮರ್ಥನೆ ಸಿಕ್ಕಿದೆ. ನಿಂತ ನೀರಲ್ಲಿ ಬೆಳೆಯುವ ಭತ್ತ ಮಣ್ಣಿನ ಆರ್ಸೆನಿಕ್ ಹೀರುತ್ತದೆ. 2020ರಲ್ಲಿ ಅಮೆರಿಕದ ಎಫ್‌ಡಿಎ ಶಿಶುಗಳ ಅಕ್ಕಿ ಸೀರಿಯಲ್‌ನಲ್ಲಿ ಅದಕ್ಕೆ ನೂರು ಕೋಟಿಯಲ್ಲಿ ನೂರು ಭಾಗ ಎಂಬ ಮಿತಿ ಹಾಕಿತು. ಅಕ್ಕಿ ಬಿಡಬೇಕೆಂದಲ್ಲ, ಅಕ್ಕಿಯೊಂದೇ ಬೇಡ.

● ಎಮ್ಮೆ ಹಾಲಿನಿಂದ ಶಿಶುಗಳಿಗೆ ಒಗ್ಗುವ ಪುಡಿ ಮಾಡಲಾಗದು ಎಂದು ನಂಬಿದ್ದ ಕಾಲದಲ್ಲಿ ಅದನ್ನು ಮಾಡುವ ವಿಧಾನ ರೂಪಿಸಿದ್ದು ಮೈಸೂರಿನ ಸಿಎಫ್‌ಟಿಆರ್‌ಐ. ಅದನ್ನು ಮಾರುಕಟ್ಟೆಗೆ ತಂದದ್ದು ಅಮುಲ್.

● ಶಿಶು ಆಹಾರದ ಡಬ್ಬಿಯ ಮೇಲೆ ಗುಂಡುಗುಂಡು ಮಗುವಿನ ಚಿತ್ರ ಯಾಕಿಲ್ಲ? ಭಾರತದ 1992ರ ಶಿಶು ಆಹಾರ ಕಾಯ್ದೆ ಅದನ್ನು ನಿಷೇಧಿಸಿದೆ. ತಾಯಿಯ ಚಿತ್ರವೂ ಕೂಡದು. 2003ರ ತಿದ್ದುಪಡಿಯ ನಂತರ ಎರಡು ವರ್ಷದೊಳಗಿನವರ ಆಹಾರಕ್ಕೆ ಜಾಹೀರಾತೂ ಇಲ್ಲ.

● ಅಂಗನವಾಡಿಗಳ ಐಸಿಡಿಎಸ್ ಯೋಜನೆ ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದದ್ದು ತಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ಇಂದು ಆರು ತಿಂಗಳು ತುಂಬಿದ ಮಗುವಿಗೆ ಅಲ್ಲಿಂದ ಮನೆಗೇ ಆಹಾರದ ಪೊಟ್ಟಣ ಸಿಗುತ್ತದೆ. ವಾರಕ್ಕೆರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ಪು, ಒಂಬತ್ತನೇ ತಿಂಗಳಿಗೆ ದಡಾರ ಲಸಿಕೆಯ ಜೊತೆ ವಿಟಮಿನ್ ಎ ಸರ್ಕಾರದ್ದೇ. ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಿಗೆ ಮನೆಗೇ ಬರಬೇಕು. ಬಂದಾಗ ತಾಯಿ ಕಾರ್ಡಿನ ತೂಕದ ಗೆರೆ ತೋರಿಸಿ ಕೇಳಿ.

● ಆ ಗೆರೆಯಲ್ಲಿ ನಮ್ಮ ಮಕ್ಕಳೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡಕ್ಕಾಗಿ ಅಳೆದ ಆರು ಕಡೆಗಳಲ್ಲಿ ದಕ್ಷಿಣ ದೆಹಲಿಯೂ ಒಂದು. ಅದರಂತೆ ವರ್ಷದ ಗಂಡುಮಗುವಿನ ನಡುಮಧ್ಯದ ತೂಕ 9.6 ಕಿಲೋ, ಹೆಣ್ಣುಮಗುವಿನದು 8.9. ಎರಡನೇ ಆರು ತಿಂಗಳಲ್ಲಿ ತೂಕ ಏರುವ ವೇಗ ಸಹಜವಾಗಿಯೇ ಇಳಿಯುತ್ತದೆ. ಪಕ್ಕದ ಮನೆಯ ಪಾಪುವಿಗೆ ಹೋಲಿಸಿ ಗಾಬರಿಯಾಗಬೇಡಿ, ಗೆರೆ ಚಪ್ಪಟೆಯಾದರೆ ಮಾತ್ರ ಓಡಿ.

● ಭೇದಿಯಾದಾಗ ಊಟ ನಿಲ್ಲಿಸುವುದು ತಪ್ಪು. ಓಆರ್‌ಎಸ್ ಮತ್ತು 14 ದಿನ ಸತುವಿನ ಮಾತ್ರೆಯ ಜೊತೆ ಎದೆಹಾಲು, ಮೆತ್ತನೆ ಅನ್ನ ನಡೆಯಲಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿರಲಿ.

● ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ಆಗತಾನೇ ಹಾಲು ಬಿಟ್ಟ ಮಕ್ಕಳ ಮುಂದೆ ಬಗೆಬಗೆಯ ಬಟ್ಟಲು ಇಟ್ಟು ಸುಮ್ಮನೆ ಕೂತರು. ಒಟ್ಟು 15 ಮಕ್ಕಳು, 34 ಬಗೆಯ ಆಹಾರ. ದಾದಿಯರು ಕೊಡುವಂತಿಲ್ಲ, ಹೊಗಳುವಂತಿಲ್ಲ. ಮಗು ಬೆರಳು ತೋರಿದರೆ ಚಮಚ ಎತ್ತಬಹುದು. ಒಂದು ದಿನ ಮೊಟ್ಟೆಯ ಮೇಲೆ ಮೊಟ್ಟೆ, ಇನ್ನೊಂದು ದಿನ ಕಿತ್ತಳೆ ರಸ ಮತ್ತು ಲಿವರ್. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. ರಿಕೆಟ್ಸ್ ಇದ್ದ ಒಬ್ಬ ಹುಡುಗ ಕಾಡ್ ಮೀನಿನ ಲಿವರ್ ಎಣ್ಣೆಯನ್ನು ತಾನೇ ಕುಡಿಯುತ್ತ ಗುಣವಾದ. ಪಟ್ಟಿಯಲ್ಲಿ ಸಕ್ಕರೆಯಾಗಲಿ, ಡಬ್ಬಿ ತಿಂಡಿಯಾಗಲಿ ಇರಲೇ ಇಲ್ಲ. ಗುಟ್ಟು ಪಟ್ಟಿಯಲ್ಲೇ ಇದೆ ಎಂದು ಡೇವಿಸ್ಸೇ ಹೇಳಿದರು.

● ಕೊನೆಗೆ ಮೈಬಣ್ಣ ಮತ್ತು ಲಂಗೋಟಿಯ ವಿಚಾರ. ಕುಂಬಳ, ಕ್ಯಾರೆಟ್, ಪಪ್ಪಾಯ ಹೆಚ್ಚು ತಿಂದ ಮಗುವಿನ ಅಂಗೈ, ಮೂಗು ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಕಣ್ಣಿನ ಬಿಳಿ ಬೆಳ್ಳಗೇ ಇದ್ದರೆ ಅದು ಕಾಮಾಲೆಯಲ್ಲ, ಕ್ಯಾರೋಟಿನ್. ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪು, ಕಬ್ಬಿಣದ ಸಿರಪ್ಪಿಗೆ ಕಪ್ಪು. ಬಾಳೆಹಣ್ಣು ತಿಂದ ಮರುದಿನ ಕಪ್ಪು ದಾರದಂಥ ಎಳೆಗಳು ಕಾಣುತ್ತವೆ. ಹುಳವೆಂದು ಬೆಚ್ಚಿ ಔಷಧಿ ಅಂಗಡಿಗೆ ಓಡುವವರು ಬಹಳ. ಅದು ಹಣ್ಣಿನ ನಡುವಿನ ನಾರು, ಅಷ್ಟೇ.